ಮಾವನ ಹಳೆ ಸ್ಟೀಲ್ ಸೈಕಲ್ಲಿಗೆ ಘಟ್ಟ ಹತ್ತುವ ಗೇರು

ತದಡಿ ಬಂದರಿನಲ್ಲಿ ಬೋಟಿನ ಡೀಸೆಲ್ ಎಂಜಿನ್ ರಿಪೇರಿ ಮಾಡುವುದು ನನ್ನ ಕೆಲಸ. ಮನೆ ಕುಮಟಾದಲ್ಲಿ. ನನ್ನ ಸೋದರಮಾವ ಸರಕು ಹಡಗಿನಲ್ಲಿದ್ದವರು. 1980ರ ದಶಕದಲ್ಲಿ ಜಪಾನಿನಿಂದ ಒಂದು ಮಿಯಾಟ ರೋಡ್ ಸೈಕಲ್ ತಂದಿದ್ದರು. ಬಾಗಿದ ಹ್ಯಾಂಡಲ್ಲು, ಸಣಕಲು ಪೈಪುಗಳು, ಕೆಳಗಿನ ಪೈಪಿನ ಮೇಲೆ ಎರಡು ಗೇರ್ ಕಡ್ಡಿ. ಊರಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. ಅವರಿಗೆ ಮಂಡಿ ನೋವು ಶುರುವಾದ ಮೇಲೆ ಅದು ಹನ್ನೆರಡು ವರ್ಷ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಕೊನೆಗೆ ಒಂದು ದಿನ ನನ್ನನ್ನು ಕರೆದು, "ತಮ್ಮಾ, ನೀನು ಹತ್ತು, ಇಲ್ಲ ಯಾರಿಗಾದರೂ ಕೊಡು. ಗುಜರಿಗೆ ಮಾತ್ರ ಹಾಕಬೇಡ" ಅಂದರು. "ಹಾಕೋದಿಲ್ಲ ಮಾವ, ಶಿರಸಿ ಜಾತ್ರೆಗೆ ಇದರಲ್ಲೇ ಹೋಗ್ತೇನೆ" ಅಂತ ಮಾತು ಕೊಟ್ಟೆ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಾಗಾಗಿ ನನಗೆ ಸಮಯ ಇತ್ತು. ಕುಮಟಾದಿಂದ ಶಿರಸಿಗೆ ಸುಮಾರು 60 ಕಿ.ಮೀ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ನಡುವೆ ದೇವಿಮನೆ ಘಟ್ಟ. ಹಳೆಯ ಗೇರಿನಲ್ಲಿ ಅದನ್ನು ಹತ್ತುವುದು ನನ್ನ ಕಾಲಿಗೆ ಆಗುವ ಮಾತಲ್ಲ. ಹೊಸ ಸೈಕಲ್ ಕೊಳ್ಳುವ ಬದಲು, ಇದೇ ಫ್ರೇಮಿಗೆ ಬಳಸಿದ ಆದರೆ ಈಚಿನ ಪಾರ್ಟ್ ಹಾಕಿದೆ. ಹಾಗೆ ಮಾಡಲು ಹೊರಟವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ. ನಮ್ಮ ಕರಾವಳಿಯ ಉಪ್ಪು ಗಾಳಿ, ಮಳೆ, ಘಟ್ಟ, ಈ ಮೂರನ್ನೂ ಲೆಕ್ಕಕ್ಕೆ ಹಿಡಿದು ಹೇಳುತ್ತೇನೆ. ಇಲ್ಲಿ ಖರ್ಚು ಮಾಡುವ ಕ್ರಮವೇ ಬೇರೆ. ಮೊದಲು ಗಾಲಿ ಮತ್ತು ಬ್ರೇಕು. ಆಮೇಲೆ ಗೇರು. ತೂಕ ಕಡಿಮೆ ಮಾಡುವ ಆಸೆ ಕಟ್ಟಕಡೆಗೆ.

ಫ್ರೇಮು ಗಟ್ಟಿ ಇದೆಯಾ?

ಇದನ್ನು ನೋಡದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ಹ್ಯಾಂಡಲ್ಲಿನ ಹತ್ತಿರ ಮೇಲಿನ ಮತ್ತು ಕೆಳಗಿನ ಪೈಪಿನ ಅಡಿಭಾಗದಲ್ಲಿ ಬೆರಳಾಡಿಸಿ. ಪೇಂಟು ಸುಕ್ಕುಗಟ್ಟಿದ್ದರೆ ಅಥವಾ ಸಣ್ಣ ಉಬ್ಬು ಸಿಕ್ಕರೆ, ಆ ಸೈಕಲ್ ಎಂದೋ ಎದುರಿಗೆ ಗುದ್ದಿದೆ ಅಂತ ಅರ್ಥ. ಅದನ್ನು ಬಿಟ್ಟುಬಿಡಿ. ಆಮೇಲೆ ಪೆಡಲ್ ಆಕ್ಸಲ್ ಕೂರುವ ಗೂಡಿನ ಅಡಿ ನೋಡಿ. ನೀರು ಇಳಿದು ನಿಲ್ಲುವುದು ಅಲ್ಲೇ. ಸ್ಕ್ರೂಡ್ರೈವರಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಸ್ಟೀಲು ಠಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಮೇಲ್ಮೈಯ ಕಂದು ತುಕ್ಕಿಗೆ ಹೆದರಬೇಡಿ. ಕ್ರೋಮಿನ ಮೇಲಿನ ತುಕ್ಕನ್ನು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ನೀರಿನಲ್ಲಿ ಅದ್ದಿ ಉಜ್ಜಿದರೆ ತೆಗೆಯಬಹುದು.

ನನಗೆ ಕಷ್ಟ ಕೊಟ್ಟದ್ದು ಸೀಟಿನ ಕಂಬ. ಅದು ಅಲ್ಯೂಮಿನಿಯಂ, ಫ್ರೇಮು ಸ್ಟೀಲು. ಎರಡರ ನಡುವೆ ಉಪ್ಪುನೀರಿನ ಪಸೆ ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಆಗಿಬಿಡುತ್ತದೆ. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ, ಆ ಪುಡಿ ಉಬ್ಬಿ ಕಂಬವನ್ನು ಬಿಗಿ ಹಿಡಿಯುತ್ತದೆ. ಬೋಟಿನಲ್ಲಿ ಇದೇ ಕಾಟ ತಪ್ಪಿಸಲು ನಾವು ನೀರೊಳಗಿನ ಭಾಗಕ್ಕೆ ಸತುವಿನ ತುಂಡು ಕಟ್ಟುತ್ತೇವೆ, ಸತು ತಾನು ಸವೆದು ಉಳಿದದ್ದನ್ನು ಕಾಯುತ್ತದೆ. ಸೈಕಲ್ಲಿಗೆ ಸತು ಬೇಡ, ಗ್ರೀಸ್ ಸಾಕು. ಆದರೆ ಅದನ್ನು ಮೊದಲೇ ಹಚ್ಚಿರಬೇಕು. ಇಲ್ಲಿ ಹಚ್ಚಿರಲಿಲ್ಲ.

ಪೆಡಲ್ ಆಕ್ಸಲ್ ಬಿಚ್ಚಿ, ಫ್ರೇಮನ್ನು ತಲೆಕೆಳಗಾಗಿ ಮಾಡಿಗೆ ನೇತುಹಾಕಿದೆ. ಆ ಗೂಡಿನಿಂದ ಸೀಟಿನ ಪೈಪಿನೊಳಗೆ ದಿನಾ ಸಂಜೆ ಒಂದಿಷ್ಟು ತುಕ್ಕು ಬಿಡಿಸುವ ಎಣ್ಣೆ ಸುರಿದೆ. ಎಂಟು ದಿನ ಹೀಗೆ. ಆಮೇಲೆ ಕಂಬದ ತಲೆಯನ್ನು ವೈಸ್‌ನಲ್ಲಿ ಕಚ್ಚಿಸಿ, ಫ್ರೇಮನ್ನೇ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಸುತ್ತಿಗೆ ಹಿಡಿಯಲಿಲ್ಲ. ಮೊದಲ ಸಲ ಕದಲಿದಾಗ ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ಒಂದು ಸಲ ಕದಲಿದರೆ ಗೆದ್ದಂತೆ. ತಿರುಗಿಸುತ್ತ ತಿರುಗಿಸುತ್ತ ಎಳೆಯಬೇಕು.

ಒಳಗಿನ ತುಕ್ಕಿಗೆ ಪೇಂಟಿನ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಒಳ್ಳೆಯದು. ಫ್ರೇಮನ್ನು ಎರಡು ದಿನ ಬಿಸಿಲಿಗೆ ಒಣಗಿಸಿ, ಪೈಪುಗಳೊಳಗೆ ಸುರಿದು, ಎಲ್ಲ ಕಡೆ ಹರಿಯುವಂತೆ ತಿರುಗಿಸಿ, ಉಳಿದದ್ದನ್ನು ಬಸಿದುಬಿಡಿ. ಒಣಗಿದ ಮೇಲೆ ಒಳಗೆ ಪದರ ಕಟ್ಟುತ್ತದೆ. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಹರಡಿ ಒಣಗಿಸಿ.

ಕೊಳ್ಳುವ ಮೊದಲು ಅಳೆಯಿರಿ

ಹಳೆ ಸೈಕಲ್ಲಿನ ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಅಗ್ಗಕ್ಕೆ ಸಿಕ್ಕಿತೆಂದು ಪಾರ್ಟ್ ತರಿಸುತ್ತೇವೆ, ಕೂರುವುದಿಲ್ಲ. ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ, ಪುಸ್ತಕದಲ್ಲಿ ಬರೆದುಕೊಳ್ಳಿ.

ಹಿಂದಿನ ಗಾಲಿಯ ಆಕ್ಸಲ್ ಸಿಕ್ಕಿಸುವ ಎರಡು ಕಚ್ಚುಗಳ, ಅಂದರೆ ಡ್ರಾಪ್‌ಔಟ್‌ಗಳ ನಡುವಿನ ಒಳಗಿನ ಅಂತರ ಎಲ್ಲಕ್ಕಿಂತ ಮುಖ್ಯ. ಐದು ಗೇರಿನ ಕಾಲದ ಫ್ರೇಮಾದರೆ 120 ಮಿ.ಮೀ., ಆರು ಏಳು ಗೇರಿನದಾದರೆ 126, ಈಚಿನ ರೋಡ್ ಗಾಲಿಗೆ ಬೇಕಾದದ್ದು 130. ಮುಂದಿನದು ಸಾಮಾನ್ಯವಾಗಿ 100. ನನ್ನದು ಹಿಂದೆ 126 ಇತ್ತು. ಪೆಡಲ್ ಆಕ್ಸಲ್ ಗೂಡಿನ ಅಗಲ 68 ಮಿ.ಮೀ. ಇದ್ದು, ಬಲಗಡೆಯ ಕಪ್ ಉಲ್ಟಾ ಥ್ರೆಡ್ ಇದ್ದರೆ ಹೆಚ್ಚಾಗಿ ಅದು ಇಂಗ್ಲಿಷ್ ಥ್ರೆಡ್. ಜಪಾನಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಈಗಿನ ಪಾರ್ಟೂ ಇದಕ್ಕೆ ಸುಲಭವಾಗಿ ಸಿಗುತ್ತದೆ. ಇಟಲಿಯದು 70 ಮಿ.ಮೀ., ಎರಡೂ ಕಡೆ ಸೀದಾ ಥ್ರೆಡ್. ಹಳೆ ಫ್ರೆಂಚ್ ಸೈಕಲ್ಲಿನ ಥ್ರೆಡ್ಡು ಬೇರೆಯೇ, ಅದಕ್ಕೆ ಪಾರ್ಟ್ ಹುಡುಕುವುದು ಕಷ್ಟ. ಸೀಟಿನ ಕಂಬದ ಮೇಲೆ 27.2, 26.8 ಅಂತ ಕೊರೆದಿರುತ್ತದೆ. 0.2 ಮಿ.ಮೀ. ತಾನೇ ಅಂತ ಬಿಡಬೇಡಿ. ಸಣ್ಣದು ಹಾಕಿದರೆ ಜಾರುತ್ತದೆ, ದೊಡ್ಡದನ್ನು ಒತ್ತಿ ಕೂರಿಸಿದರೆ ಫ್ರೇಮು ಸೀಳುತ್ತದೆ.

ಗಾಲಿ, ಬ್ರೇಕು

ಮೂಲ ಗಾಲಿ ಎಂದೋ ಹಾಳಾಗಿ, ಮಾವ ಇಲ್ಲೇ ಸಿಕ್ಕ ಕ್ರೋಮ್ ಬಳಿದ ಸ್ಟೀಲ್ ರಿಮ್ ಹಾಕಿಸಿದ್ದರು. ನೋಡಲು ಚಂದ. ಆದರೆ ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲ. ಜೂನ್ ಮೊದಲ ವಾರ ಮಿರ್ಜಾನ್ ಕಡೆಯಿಂದ ಬರುವಾಗ ಮಳೆ ಹಿಡಿಯಿತು. ಇಳಿಜಾರಿನಲ್ಲಿ ಎರಡೂ ಬ್ರೇಕ್ ಒತ್ತಿ ಹಿಡಿದರೂ ಸೈಕಲ್ ಹೋಗುತ್ತಲೇ ಇತ್ತು. ಎದುರಿಗೆ ಲಾರಿ. ರಸ್ತೆ ಬದಿಯ ಮಣ್ಣಿಗೆ ಇಳಿಸಿ ಹೇಗೋ ನಿಂತೆ. ಅವತ್ತೇ ತೀರ್ಮಾನ ಮಾಡಿದೆ, ಗೇರು ಆಮೇಲೆ, ಮೊದಲು ಅಲಾಯ್ ರಿಮ್ಮು. ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ ಬೀಳುವ ಊರಿನಲ್ಲಿ ಸ್ಟೀಲ್ ರಿಮ್ಮಿನ ಮೇಲೆ ಯಾರೂ ಘಟ್ಟ ಇಳಿಯಬಾರದು.

ಹಳೆಯ ಗಾಲಿ 27 ಇಂಚಿನದು. ಈಗಿನ ರೋಡ್ ಗಾಲಿ 700ಸಿ. ಹೆಸರು ಕೇಳಿದರೆ ತಲೆ ಕೆಡುತ್ತದೆ, ಅಸಲು ಲೆಕ್ಕ ಸುಲಭ. 27 ಇಂಚಿನ ರಿಮ್ಮಿನಲ್ಲಿ ಟಯರ್ ಕೂರುವ ವ್ಯಾಸ 630 ಮಿ.ಮೀ., 700ಸಿಯದು 622. ವ್ಯತ್ಯಾಸ 8 ಮಿ.ಮೀ. ಅಂದರೆ ರಿಮ್ಮು 4 ಮಿ.ಮೀ. ಕೆಳಗೆ ಹೋಗುತ್ತದೆ. ಬ್ರೇಕ್ ರಬ್ಬರ್ ಅಷ್ಟು ಕೆಳಗೆ ಮುಟ್ಟಬೇಕು. 700ಸಿ ಗಾಲಿ ಹಾಕಿಟ್ಟು, ಬ್ರೇಕ್ ಬೋಲ್ಟಿನ ತೂತಿನ ನಡುವಿನಿಂದ ರಿಮ್ಮಿನಲ್ಲಿ ರಬ್ಬರ್ ಉಜ್ಜುವ ಪಟ್ಟಿಯ ನಡುವಿಗೆ ಅಳೆಯಿರಿ. ನನಗೆ 54 ಬಂತು. ಸಾಮಾನ್ಯ ರೋಡ್ ಬ್ರೇಕ್ ಮುಟ್ಟುವುದು 49ರವರೆಗೆ ಮಾತ್ರ. 47ರಿಂದ 57ರವರೆಗೆ ಮುಟ್ಟುವ ಲಾಂಗ್ ರೀಚ್ ಬ್ರೇಕ್ ಹುಡುಕಿ ತರಿಸಿದೆ. ಎರಡು ಕಡೆ ತಿರುಗಣೆ ಇರುವ ಡ್ಯುಯಲ್ ಪಿವಟ್ ಜಾತಿಯೇ ಇರಲಿ. ಹಳೆಯದಕ್ಕಿಂತ ಎಷ್ಟೋ ಕಡಿಮೆ ಬಲಕ್ಕೆ ಹಿಡಿಯುತ್ತದೆ.

ಇನ್ನೊಂದು ತೊಡಕು. ಹಳೆ ಬ್ರೇಕಿನ ಬೋಲ್ಟ್ ಉದ್ದ ಇದ್ದು ಹಿಂದೆ ನಟ್ ಕಾಣುತ್ತದೆ. ಈಗಿನದರಲ್ಲಿ ಬೋಲ್ಟ್ ಗಿಡ್ಡ, ಉದ್ದನೆ ಟೊಳ್ಳು ನಟ್ ಫ್ರೇಮಿನೊಳಗೆ ಹೂತು ಕೂರುತ್ತದೆ. ಮುಂದಿನ ಫೋರ್ಕಿನಲ್ಲಿ ಹಿಂಬದಿಯ ತೂತನ್ನು ಮಾತ್ರ 8 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಅಗಲ ಮಾಡಿ. ಮುಂಬದಿ ಮುಟ್ಟಬೇಡಿ. ಹಿಂದಿನ ಬ್ರೇಕಿಗೆ ಡ್ರಿಲ್ ಮಾಡುವುದೇ ಬೇಡ. ಮುಂದಿನ ಬ್ರೇಕಿನ ಬೋಲ್ಟ್ ಉದ್ದ ಇರುತ್ತದೆ, ಅಂಥದ್ದೊಂದನ್ನೇ ಹಿಂದೆ ಹಾಕಿ ಸಾದಾ ನಟ್ ಬಿಗಿದರೆ ಆಯಿತು.

ಬಳಸಿದ ಗಾಲಿ ಕೊಳ್ಳುವಾಗ ರಿಮ್ಮಿನ ಬದಿಗೆ ಸ್ಕೇಲ್ ಆನಿಸಿ ನೋಡಿ. ನಡುವೆ ಹಳ್ಳ ಬಿದ್ದಿದ್ದರೆ ಸವೆದಿದೆ, ಬೇಡ. ಆಕ್ಸಲನ್ನು ಬೆರಳಲ್ಲಿ ತಿರುಗಿಸಿ. ಮರಳು ಸಿಕ್ಕ ಹಾಗೆ ಗರಗರ ಅಂದರೆ ಬಿಚ್ಚಿ ನೋಡಬೇಕು. ಗುಂಡುಗಳನ್ನು ಬದಲಿಸಬಹುದು, ಆದರೆ ಒಳಗಿನ ಬಟ್ಟಲಿನಲ್ಲಿ ಗುಳಿ ಬಿದ್ದಿದ್ದರೆ ಗಾಲಿಯ ನಡುವಿನ ಆ ಹಬ್ಬು ಮುಗಿಯಿತು. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕೂರುವ ಫ್ರೀಹಬ್ ಇರುವ ಗಾಲಿಯನ್ನೇ ತೆಗೆದುಕೊಳ್ಳಿ. ಹಲ್ಲುಚಕ್ರಗಳನ್ನು ಹಬ್ಬಿಗೇ ತಿರುಪಿ ಕೂರಿಸುವ ಹಳೆಯ ಫ್ರೀವ್ಹೀಲ್ ಹಬ್ಬಿನಲ್ಲಿ ಬಲಗಡೆ ಬೇರಿಂಗ್ ತುಂಬ ಒಳಗಿರುತ್ತದೆ, ಆಧಾರವಿಲ್ಲದ ಆಕ್ಸಲ್ ನಮ್ಮ ಗುಂಡಿ ರಸ್ತೆಗೆ ಬಾಗುತ್ತದೆ. ಫ್ರೀಹಬ್ಬಿನಲ್ಲಿ ಬೇರಿಂಗ್ ಹೊರತುದಿಗೆ ಬಂದಿರುವುದರಿಂದ ಆ ತೊಂದರೆ ಇಲ್ಲ.

126ನ್ನು 130 ಮಾಡುವುದು

ಸ್ಟೀಲಿನ ದೊಡ್ಡ ಗುಣ ಇದು, ತಣ್ಣಗಿರುವಾಗಲೇ ಬಾಗಿಸಬಹುದು. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮಿಗೆ ಈ ಕೆಲಸ ಮಾಡಲೇಬೇಡಿ, ಬಿರುಕು ಬಿಡುತ್ತದೆ. ಬೇಕಾದದ್ದು ಪ್ರತಿ ಬದಿಗೆ 2 ಮಿ.ಮೀ. ಅಷ್ಟೇ. ಕೆಲವರು ಬಾಗಿಸದೆ, ಗಾಲಿ ಹಾಕುವಾಗಲೆಲ್ಲ ಹೆಬ್ಬೆರಳಿನಿಂದ ಅಗಲಿಸಿ ತೂರಿಸುತ್ತಾರೆ. ಅದೂ ನಡೆಯುತ್ತದೆ. ಆದರೆ ಮಳೆಯಲ್ಲಿ ಪಂಕ್ಚರ್ ಆದಾಗ ರಸ್ತೆ ಬದಿಯಲ್ಲಿ ಆ ಗುದ್ದಾಟ ಬೇಡ ಅಂತ ನಾನು ಬಾಗಿಸಿದೆ.

ಮೊದಲು ಬಲೆ ಹೆಣೆಯುವ ನೈಲಾನ್ ದಾರ ತೆಗೆದುಕೊಳ್ಳಿ. ಎಡ ಡ್ರಾಪ್‌ಔಟಿಗೆ ಕಟ್ಟಿ, ಮುಂದೆ ಹ್ಯಾಂಡಲ್ ಕೂರುವ ಪೈಪನ್ನು ಸುತ್ತಿಸಿ, ಹಿಂದೆ ತಂದು ಬಲ ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ. ಈಗ ದಾರಕ್ಕೂ ಸೀಟಿನ ಪೈಪಿಗೂ ಇರುವ ಅಂತರವನ್ನು ಎರಡೂ ಬದಿ ಅಳೆಯಿರಿ. ಎರಡೂ ಸಮ ಇದ್ದರೆ ಫ್ರೇಮು ನೇರ. ನನ್ನದು ಎಡಗಡೆ ಒಂದು ಮಿ.ಮೀ. ಕಡಿಮೆ ಇತ್ತು, ಹಾಗಾಗಿ ಎಡವನ್ನು ಸ್ವಲ್ಪ ಹೆಚ್ಚು ಹೊರಗೆ ತಂದೆ.

ಬಾಗಿಸಲು ಒಂದಾಳುದ್ದದ ಗಟ್ಟಿ ಮರದ ಪಟ್ಟಿ ಸಾಕು. ಅದನ್ನು ಹಿಂದಿನ ಎರಡು ಕಾಲುಗಳ ನಡುವೆ ತೂರಿಸಿ, ಒಂದು ತುದಿ ಸೀಟಿನ ಪೈಪಿಗೆ ಆನಿಸಿ, ಇನ್ನೊಂದು ತುದಿ ಹಿಡಿದು ಒಂದೇ ಬದಿಯನ್ನು ಹೊರಗೆ ತಳ್ಳಬೇಕು. ಪೇಂಟು ಉಳಿಯಲು ನಡುವೆ ಹಳೆ ಟ್ಯೂಬಿನ ತುಂಡು ಇಡಿ. ಸ್ಟೀಲು ಸ್ಪ್ರಿಂಗಿನ ಹಾಗೆ, ಬಿಟ್ಟೊಡನೆ ವಾಪಸ್ ಬರುತ್ತದೆ. ಪ್ರತಿ ಸಲ ಒಂದಿಷ್ಟು ಹೆಚ್ಚು ತಳ್ಳಿ, ಬಿಟ್ಟು, ಅಳೆಯಿರಿ. ಮತ್ತೆ ತಳ್ಳಿ, ಬಿಟ್ಟು, ಅಳೆಯಿರಿ. ನನಗೆ ಎರಡೂ ಬದಿ ಸೇರಿ ಇಡೀ ಒಂದು ಸಂಜೆ ಹಿಡಿಯಿತು. ಅವಸರ ಮಾಡಿದರೆ ಜಾಸ್ತಿ ಬಾಗುತ್ತದೆ, ಮತ್ತೆ ಒಳಗೆ ತರುವುದು ಲೋಹಕ್ಕೆ ಒಳ್ಳೆಯದಲ್ಲ.

ಆಮೇಲೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ತೂಗುವ ಕಿವಿ ನೇರ ಇದೆಯಾ ನೋಡಿ. ಅದರ ಥ್ರೆಡ್ 10 ಮಿ.ಮೀ., ಹಿಂದಿನ ಹಬ್ಬಿನ ಹಳೆ ಆಕ್ಸಲ್ ಸಾಮಾನ್ಯವಾಗಿ ಅದಕ್ಕೇ ಕೂರುತ್ತದೆ. ಆಕ್ಸಲ್ ತಿರುಗಿಸಿ ಕೂರಿಸಿದರೆ, ಅದು ಗಾಲಿಯ ಆಕ್ಸಲಿಗೆ ಸಮಾನಾಂತರ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಇಲ್ಲದಿದ್ದರೆ ಅದೇ ಆಕ್ಸಲನ್ನು ಹಿಡಿದು ಮೆಲ್ಲಗೆ ಬಾಗಿಸಿ ಸರಿಮಾಡಿ. ಗೇರು ಸರಿ ಬೀಳದೆ ಒದ್ದಾಡುವವರು ಇದನ್ನು ನೋಡಿರುವುದೇ ಇಲ್ಲ.

ಗೇರು

ಹಳೆಯ ಲೆಕ್ಕ: ಮುಂದೆ 52 ಮತ್ತು 42 ಹಲ್ಲು, ಹಿಂದೆ ದೊಡ್ಡದು 24. ಅತಿ ಹಗುರ ಗೇರಿನಲ್ಲೂ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಮೂರು ಮುಕ್ಕಾಲು ಮೀಟರ್ ಹೋಗುತ್ತಿತ್ತು. ಹೊನ್ನಾವರದ ಕಡೆಯ ಹೆದ್ದಾರಿಗೆ ಸರಿ. ದೇವಿಮನೆಯ ತಿರುವಿನಲ್ಲಿ ಮಂಡಿ ಹೋಗುತ್ತದೆ. ಈಗ ಮುಂದೆ 50 ಮತ್ತು 34, ಹಿಂದೆ 11ರಿಂದ 32. ಹಗುರ ಗೇರಿನಲ್ಲಿ ಒಂದು ಸುತ್ತಿಗೆ ಸುಮಾರು ಎರಡೂ ಕಾಲು ಮೀಟರ್. ಈ ಒಂದೂವರೆ ಮೀಟರಿನ ವ್ಯತ್ಯಾಸಕ್ಕಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು.

ಎಷ್ಟು ಗೇರಿನ ಸೆಟ್ ಹಾಕಬೇಕು? ನನ್ನ ಅಭಿಪ್ರಾಯ, ಎಂಟು ಅಥವಾ ಒಂಬತ್ತು. ಹನ್ನೊಂದರ ಆಸೆ ಬೇಡ. ಅದರ ಫ್ರೀಹಬ್ 1.85 ಮಿ.ಮೀ. ಹೆಚ್ಚು ಅಗಲ, ಹಳೆಯ ಗಾಲಿಗೆ ಕೂರುವುದಿಲ್ಲ, ಚೈನೂ ದುಬಾರಿ. ಎಂಟರ ಚೈನು ಅಗ್ಗ, ದಪ್ಪ, ಸಣ್ಣ ಊರಿನಲ್ಲೂ ಸಿಗುತ್ತದೆ. ನನಗೆ ಒಂಬತ್ತರ ಶಿಫ್ಟರ್ (ಹ್ಯಾಂಡಲ್ಲಿನಲ್ಲೇ ಗೇರ್ ಬದಲಿಸುವ ಹಿಡಿ) ಜೋಡಿ ಒಳ್ಳೆಯ ಬೆಲೆಗೆ ಸಿಕ್ಕಿದ್ದರಿಂದ ಒಂಬತ್ತು ಹಾಕಿದೆ.

ಹಳೆ ಪಾರ್ಟ್ ಹುಡುಕುವವರಿಗೆ ಉಪಯೋಗಕ್ಕೆ ಬರುವ ಸಂಗತಿ ಒಂದಿದೆ. ಜಪಾನಿನ ಶಿಮಾನೊ ಕಂಪನಿಯ 7, 8, 9 ಗೇರಿನ ಹಿಂದಿನ ಡಿರೇಲರ್‌ಗಳು ಒಂದಕ್ಕೊಂದು ನಡೆಯುತ್ತವೆ, ಹಳೆಯ ಡ್ಯೂರಾ ಏಸ್ 7400 ಒಂದು ಬಿಟ್ಟು. ಎಷ್ಟು ಗೇರು ಎನ್ನುವುದು ಶಿಫ್ಟರ್ ಮತ್ತು ಕ್ಯಾಸೆಟ್ಟಿನ ನಡುವಿನ ಮಾತು. ಅಷ್ಟೇ ಅಲ್ಲ, ಒಂಬತ್ತು ಗೇರಿನ ಮೌಂಟನ್ ಬೈಕ್ ಡಿರೇಲರ್ ಕೂಡ ರೋಡ್ ಶಿಫ್ಟರಿಗೆ ಕೆಲಸ ಮಾಡುತ್ತದೆ. ಹಾಗಾಗಿ ನಾನು ಉದ್ದ ಕಾಲಿನ ಡಿಯೋರೆ ಹಾಕಿದೆ, 32 ಹಲ್ಲನ್ನು ಸಲೀಸಾಗಿ ನುಂಗುತ್ತದೆ. ಹತ್ತು ಗೇರಿನ ಮೌಂಟನ್ ಡಿರೇಲರ್ ಮಾತ್ರ ಆಗುವುದಿಲ್ಲ. ರೋಡ್ ಪಾರ್ಟಿನಲ್ಲಿ ಟಿಯಾಗ್ರಾ 4700 ಕೂಡ ಹಿಂದಿನವುಗಳ ಜೊತೆ ಹೊಂದುವುದಿಲ್ಲ, ಅದು ಕೇಬಲ್ ಎಳೆಯುವ ಅಳತೆಯೇ ಬೇರೆ.

ಶಿಫ್ಟರ್ ಬಂದಾಗ ಬಲಗಡೆಯದು ಟಿಕ್ ಅನ್ನಲಿಲ್ಲ. ಒತ್ತಿದರೆ ಸುಮ್ನೆ ಆಡುತ್ತಿತ್ತು. ಮುರಿದಿದೆ ಅಂದುಕೊಳ್ಳಬೇಡಿ. ಒಳಗಿನ ಹಳೆ ಗ್ರೀಸ್ ಅಂಟಿನ ಹಾಗೆ ಗಟ್ಟಿಯಾಗಿ ಸಣ್ಣ ಕೊಕ್ಕೆಗಳು ಹಲ್ಲಿಗೆ ಬೀಳುತ್ತಿರುವುದಿಲ್ಲ. ಮುಂದಿನ ಮುಚ್ಚಳ ತೆಗೆದು, ಡಬ್ಲ್ಯೂಡಿ-40 ಒಳಗೆ ಚಿಮ್ಮಿಸಿ, ನೂರು ಸಲ ಒತ್ತಿ. ಕಪ್ಪು ನೀರು ಇಳಿಯುತ್ತದೆ. ಮತ್ತೆ ಚಿಮ್ಮಿಸಿ. ಮೂರನೆಯ ಸಲಕ್ಕೆ ನನ್ನದು ಟಿಕ್ ಅಂದಿತು. ಕೊನೆಗೆ ತೆಳು ಎಣ್ಣೆ ನಾಲ್ಕು ಹನಿ ಬಿಡಿ. ಅದನ್ನು ಮರೆತರೆ ಒಳಗೆ ಒಣಗಿ ಸವೆಯುತ್ತದೆ. ಒಳಗಿನದನ್ನು ಪೂರ್ತಿ ಬಿಚ್ಚಬೇಡಿ. ಎಂಜಿನ್ ಬಿಚ್ಚುವ ಕೈ ನನ್ನದು, ಆದರೂ ಅದಕ್ಕೆ ಕೈ ಹಾಕಲಿಲ್ಲ.

ಕೆಳಗಿನ ಪೈಪಿನ ಮೇಲೆ ಗೇರ್ ಕಡ್ಡಿ ಕೂರುತ್ತಿದ್ದ ಜಾಗಕ್ಕೆ, ಕೇಬಲ್ ನಿಲ್ಲಿಸುವ ಸಣ್ಣ ಅಡಾಪ್ಟರ್ ಸಿಗುತ್ತದೆ. ಅದೇ ಬೋಲ್ಟಿಗೆ ಕೂರುತ್ತದೆ. ಕೇಬಲ್ ಬಿಗಿ ಹೆಚ್ಚು ಕಡಿಮೆ ಮಾಡುವ ತಿರುಗಣೆ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಕ್ರ್ಯಾಂಕಿನ (ಪೆಡಲಿನ ತೋಳು ಮತ್ತು ಮುಂದಿನ ಹಲ್ಲುಚಕ್ರ) ವಿಷಯ ಚಿಕ್ಕದು. ಹೊರಗೆ ಬೇರಿಂಗ್ ಇರುವ ಶಿಮಾನೊ ಹಾಲೋಟೆಕ್ ಜಾತಿಯದು 68 ಮಿ.ಮೀ. ಇಂಗ್ಲಿಷ್ ಗೂಡಿಗೆ ನೇರ ಕೂರುತ್ತದೆ. 34 ಹಲ್ಲು ಬೇಕಾದರೆ ಹಲ್ಲುಚಕ್ರದ ಬೋಲ್ಟುಗಳು ಕೂರುವ ವೃತ್ತದ ವ್ಯಾಸ 110 ಮಿ.ಮೀ. ಇರುವ ಕಾಂಪ್ಯಾಕ್ಟ್ ಕ್ರ್ಯಾಂಕ್ ಕೇಳಿ. 130ರದ್ದರಲ್ಲಿ 38ಕ್ಕಿಂತ ಸಣ್ಣದು ಕೂರುವುದಿಲ್ಲ. ಬಲ ಕಪ್ ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು ಎನ್ನುವುದನ್ನು ಮರೆತು ಎಷ್ಟೋ ಜನ ಥ್ರೆಡ್ ಕೆಡಿಸಿದ್ದಾರೆ. ಹೊಸದನ್ನು ಕೂರಿಸುವಾಗ ಥ್ರೆಡ್ಡಿಗೆ ಕೈ ತುಂಬ ಗ್ರೀಸ್ ಹಚ್ಚಿ.

ಯಾವುದು ಹಳೆಯದು ಬೇಡ

ಚೈನು, ಕೇಬಲ್, ಬ್ರೇಕ್ ರಬ್ಬರ್, ಟಯರು, ಟ್ಯೂಬು ಹೊಸದೇ ಇರಲಿ. ಕ್ಯಾಸೆಟ್ಟೂ ಹೊಸದಾದರೆ ಒಳ್ಳೆಯದು, ಸವೆದ ಹಲ್ಲಿನ ಮೇಲೆ ಹೊಸ ಚೈನು ಜಾರುತ್ತದೆ. ಚೈನು ಸವೆದಿದೆಯಾ ನೋಡಲು ಇಂಚಿನ ಸ್ಕೇಲ್ ಸಾಕು. ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಇಂಚು ಬರಬೇಕು. ಹದಿನಾರನೇ ಒಂದು ಇಂಚು ಹೆಚ್ಚು ಬಂದರೆ ಬದಲಿಸಿ. ಬಳಸಿದ ಕಾರ್ಬನ್ ಫೋರ್ಕು, ಕಾರ್ಬನ್ ಹ್ಯಾಂಡಲ್ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ, ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಅಲ್ಯೂಮಿನಿಯಂ ಹ್ಯಾಂಡಲ್ ಆದರೆ ಟೇಪ್ ಬಿಚ್ಚಿಸಿ ನೋಡಿ. ಬೆವರಿನ ಉಪ್ಪು ಅದರ ಕೆಳಗೇ ತಿಂದಿರುತ್ತದೆ. ಕ್ರ್ಯಾಂಕಿನಲ್ಲಿ ಪೆಡಲ್ ಕೂರುವ ತೂತಿನ ಸುತ್ತ ಕೂದಲೆಳೆಯಂಥ ಗೆರೆ ಇದ್ದರೂ ಬೇಡ.

ನನಗೆ ಆದ ಖರ್ಚು ಇದು. ಬಳಸಿದ ಗಾಲಿ ಜೋಡಿ 5000, ಶಿಫ್ಟರ್ ಜೋಡಿ 5500, ಡಿರೇಲರ್ 1200, ಕ್ರ್ಯಾಂಕ್ ಮತ್ತು ಬೇರಿಂಗ್ 2800, ಬ್ರೇಕ್ ಜೋಡಿ 1800. ಹೊಸ ಸಾಮಾನು ಎಲ್ಲ ಸೇರಿ 7200. ಒಟ್ಟು 23,500 ರೂಪಾಯಿ. ಒಂದೇ ಸಲ ಅಲ್ಲ, ಹತ್ತು ತಿಂಗಳಲ್ಲಿ. ಗಾಲಿ ಹಾಕಿ ಎರಡು ತಿಂಗಳು ಓಡಿಸಿದೆ, ಆಮೇಲೆ ಬ್ರೇಕು, ಆಮೇಲೆ ಗೇರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಆಗ ನನಗೆ ಎಂಜಿನ್ ಬಿಚ್ಚುವ ಕೆಲಸವೇ ಹೆಚ್ಚು. ಸೈಕಲ್ ಕೆಲಸಕ್ಕೆ ಸಂಜೆ ಒಂದು ಗಂಟೆ ಸಿಕ್ಕರೆ ದೊಡ್ಡದು. ಹೀಗೆ ಹಂತ ಹಂತವಾಗಿ ಮಾಡಿದ್ದರಿಂದ ಸೈಕಲ್ ಯಾವತ್ತೂ ಬಿಚ್ಚಿಟ್ಟ ರಾಶಿಯಾಗಿ ಕೂರಲಿಲ್ಲ.

ಚೈನಿನ ಉದ್ದ ಹೀಗೆ ನೋಡಿ: ಡಿರೇಲರಿನೊಳಗೆ ತೂರಿಸದೆ, ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎರಡರ ಮೇಲೂ ಚೈನು ಸುತ್ತಿ, ತುದಿ ಕೂಡುವ ಜಾಗದಿಂದ ಇನ್ನೊಂದು ಇಂಚು ಹೆಚ್ಚು ಬಿಟ್ಟು ಕತ್ತರಿಸಿ. ಹಿಂದಿನ ಡ್ರಾಪ್‌ಔಟ್ ಅಡ್ಡ ಕಚ್ಚಿನದಾದರೆ ಗಾಲಿ ಬಿಗಿಯುವ ಕ್ವಿಕ್ ರಿಲೀಸ್ ಹಿಡಿ ಹಳೆ ಮಾದರಿಯ ಸ್ಟೀಲಿನದೇ ಇರಲಿ. ಈಚಿನ ಹಗುರದ್ದು ಘಟ್ಟದಲ್ಲಿ ಒತ್ತಿ ತುಳಿದಾಗ ಜಾರಿ, ಗಾಲಿ ಒಂದು ಕಡೆ ವಾಲುತ್ತದೆ.

ಜಾತ್ರೆಯ ಎರಡನೇ ದಿನ ಬೆಳಿಗ್ಗೆ ಐದಕ್ಕೆ ಹೊರಟೆ. ದೇವಿಮನೆಯಲ್ಲಿ ಎರಡು ಸಲ ನಿಂತೆ, ನೀರು ಕುಡಿಯಲು. ಇಳಿದು ತಳ್ಳಲಿಲ್ಲ. ಮಾರನೇ ದಿನ ಇಳಿಯುವಾಗ ಬ್ರೇಕ್ ಎರಡು ಬೆರಳಿಗೆ ಹಿಡಿಯಿತು.

ಈಗ ಕಡಲ ಬದಿಯಿಂದ ಬಂದ ದಿನ ತಪ್ಪದೆ ಸಿಹಿನೀರು ಹಾಕಿ ಒರೆಸುತ್ತೇನೆ, ಚೈನಿಗೆ ಎಣ್ಣೆ ಬಿಡುತ್ತೇನೆ. ಎರಡು ತಿಂಗಳಿಗೊಮ್ಮೆ ಸೀಟಿನ ಕಂಬ ಹೊರಗೆಳೆದು ಒರೆಸಿ, ಹೊಸ ಗ್ರೀಸ್ ಹಚ್ಚಿ ಅದೇ ಗುರುತಿಗೆ ಕೂರಿಸುತ್ತೇನೆ. ಬಿಚ್ಚಿದ ಮೂಲ ಪಾರ್ಟುಗಳನ್ನು ಎಣ್ಣೆ ಸವರಿ, ಒಂದೊಂದಕ್ಕೂ ಚೀಟಿ ಕಟ್ಟಿ ಬಿಸ್ಕೆಟ್ ಡಬ್ಬದಲ್ಲಿ ಇಟ್ಟಿದ್ದೇನೆ. ಮಾವ ಮನೆಗೆ ಬಂದಾಗಲೆಲ್ಲ ಆ ಡಬ್ಬ ಕೇಳುತ್ತಾರೆ. ಗೇರ್ ಕಡ್ಡಿ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ಆಡಿಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ.